ಆನೆ ನೀರಿನಲ್ಲಿ, ಅವರೆ ಒಲೆಯ ಮೇಲೆ

ಹಸಿವನ್ನು ಕೊಟ್ಟು, ಅದನ್ನು ತಣಿಸುವ ಕೈಗಳನ್ನೂ ಕೊಟ್ಟ ಪಾಂಡುರಂಗನಿಗೆ ಮೊದಲ ನಮಸ್ಕಾರ. ಒಲೆಯ ಮುಂದೆ ಆಯುಸ್ಸು ಸವೆಸಿದ ತಾಯಂದಿರಿಗೆ ಎರಡನೆಯದು. ಅದರಲ್ಲಿ ನಮ್ಮ ವೈನಿಗೂ ಪಾಲಿದೆ. ಆದರೆ ಅವರು ನನಗೆ ಕೊಟ್ಟ ಕಾಟವನ್ನು ಹೇಳದೆ ಆ ಪಾಲು ಸಲ್ಲಿಸಿದರೆ ಸುಳ್ಳಾದೀತು.

ಮೊಣಕೈವರೆಗೆ ಮಸಿ, ಹುಬ್ಬಿನ ಮೇಲೆ ಬೂದಿ, ಬೆವರಿಗೆ ಕರಗಿ ಮೂಗಿನವರೆಗೆ ಇಳಿದ ಕುಂಕುಮ, ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ ಸೆರಗು. ವೈನಿ ಎಂದೊಡನೆ ನನಗೆ ಕಾಣುವುದು ಈ ರೂಪವೇ. ಅವರು ನನ್ನ ಅಣ್ಣನ ಹೆಂಡತಿ. ಖಾನಾಪುರದಲ್ಲಿ ಹುಟ್ಟಿದವರು. ಬೆಳಗಾವಿಯ ವಡಗಾವಿಯಲ್ಲಿದ್ದ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನಿನ್ನೂ ಸಂಸ್ಕೃತದ ಶಬ್ದರೂಪಗಳನ್ನು ಉರುಹೊಡೆಯುತ್ತಿದ್ದ ಹುಡುಗ. ಹೀಗಾಗಿ ನನ್ನನ್ನು ‘ತಮ್ಮಾ’ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ‘ಆಚಾರ್ಯರ’ ಎಂದು ಮರ್ಯಾದೆ ಕೊಡುತ್ತಿದ್ದರು.

ಪ್ರತಿ ಮಾಘದಲ್ಲಿ ಖಾನಾಪುರದ ವಿಠ್ಠಲ ಮಂದಿರದಲ್ಲಿ ಸಪ್ತಾಹ. ಕೊನೆಯ ದಿನ ಪ್ರವಚನ ನನ್ನದು, ಅವರೆಕಾಳಿನ ಉಸುಳಿ ವೈನಿಯವರದು. ಮಂದಿರದಿಂದ ಯಾರೂ ಹಸಿದು ಹೋಗಬಾರದೆಂದು ಅವರ ತಾಯಿ ಕೊನೆಗಾಲದಲ್ಲಿ ಭಾಷೆ ತೆಗೆದುಕೊಂಡಿದ್ದರಂತೆ. ಭಾಷೆಯೇನೋ ದೊಡ್ಡದು, ಆದರೆ ನಿಧಾನವೂ ಅಷ್ಟೇ ದೊಡ್ಡದಾಗಬೇಕೆ? ಕಲಾಯಿ ಹಾಕಿದ ತಾಮ್ರದ ಹಂಡೆಗಳು, ಕೆಂಡದ ಸಣ್ಣ ಉರಿ. ಸೋಡಾ ಹಾಕಕೂಡದು, ಮುಚ್ಚಳ ತೆಗೆಯಕೂಡದು, ‘ಬೆಂದಿತೇ?’ ಎಂದು ಕೇಳಲೂ ಕೂಡದು. ಅಣ್ಣನ ಮಗಳು ನಿಧಾನವಾಗಿ ಬೇಯಿಸುವ ಕರೆಂಟಿನ ಪಾತ್ರೆಯೊಂದನ್ನು ತಂದುಕೊಟ್ಟಳು. “ಸಾವಕಾಶ ಬೇಯಸಾಕ ಕರೆಂಟ್ ಯಾಕ ಬೇಕು? ನಾ ಸತ್ತೇನೇನು?” ಎಂದವರೇ ಅದರಲ್ಲಿ ಒಣಮೆಣಸಿನಕಾಯಿ ತುಂಬಿಟ್ಟರು.

ಕಾಳು ಬೇಯುವವರೆಗೆ ನನ್ನ ಪ್ರವಚನ ಮುಗಿಯುವಂತಿರಲಿಲ್ಲ. ವೈನಿ ಜನರ ಹಿಂದೆ ಬಂದು ನಿಲ್ಲುವರು. ಸೆರಗು ಬಿಚ್ಚಿ ತಲೆಯ ಮೇಲೆ ಹೊದ್ದಿದ್ದರೆ ಮಂಗಳ ಹಾಡಬಹುದು. ಸೊಂಟದಲ್ಲೇ ಇದ್ದರೆ ಮುಂದುವರಿಸಬೇಕು. ಅರ್ಧ ಆಯುಸ್ಸು ಶಾಸ್ತ್ರ ಓದಿದ ನಾನು ಕಾಳಿನ ಕೈಯಾಳಾಗಿದ್ದೆ.

ಅವರ ಕೊನೆಯ ಸಪ್ತಾಹವನ್ನು ಹೇಳಬೇಕು. ಮಂಡಿನೋವಿಗೆ ನೆಹರು ನಗರದ ವೈದ್ಯರು ಒಲೆಯ ಮುಂದೆ ಕೂರಲೇಬಾರದೆಂದಿದ್ದರು, ಕೂತರು. ಅಕಾಲದ ಮಳೆಗೆ ಕಟ್ಟಿಗೆ ತೊಯ್ದಿತ್ತು. ನಾನು ಮೊಸಳೆಯ ಬಾಯಿಗೆ ಸಿಕ್ಕ ಆನೆಯ ಕಥೆ ಹೇಳುತ್ತಿದ್ದೆ. ಭಗವಂತನು ಧಾವಿಸಿ ಬರುವ ಹೊತ್ತಿಗೆ ಕಣ್ಣೆತ್ತಿದರೆ ಸೆರಗು ಸೊಂಟದಲ್ಲಿ! ಸರೋವರವನ್ನು ವರ್ಣಿಸಿದೆ. ತಾವರೆಗಳನ್ನು ವರ್ಣಿಸಿದೆ. ಮೊಸಳೆಯ ಪೂರ್ವಜನ್ಮವನ್ನೂ ಹೇಳಿದೆ. ವಡಗಾವಿಯಿಂದ ಬಂದಿದ್ದ ನೇಕಾರರು ಸಂಜೆಯ ರೈಲಿಗೆ ಹಿಂದಿರುಗಬೇಕಿತ್ತು. ಮುಂದೆ ಕೂತಿದ್ದ ವೃದ್ಧ ನೇಕಾರರೊಬ್ಬರು ಕೊನೆಗೆ ಕೈಮುಗಿದರು.

“ಆಚಾರ್ಯರ, ಆ ಆನೀನ್ನ ಬಿಡಸ್ರೀ. ನಮ್ಮ ಗಾಡಿ ತಪ್ಪತೈತಿ!”

ಜನ ನಕ್ಕರು. ಎರಡೇ ವಾಕ್ಯದಲ್ಲಿ ಆನೆಯನ್ನು ಬಿಡಿಸಿ ಅಡುಗೆಮನೆಗೆ ಹೋದೆ.

“ವೈನೀ, ಇದೇನ್ರಿ ನಿಮ್ಮ ಹಠಾ? ಮಂದಿ ಎದ್ದು ಹೊಂಟಾರ. ಇದ್ದಂಗ ಬಡಸಿಬಿಡ್ರಿ.”

“ಅರೆಬೆಂದ ಕಾಳು ಬಡಸಿ ಮಂದೀ ಹೊಟ್ಟಿ ಕೆಡಸೂ ಪುಣ್ಯಾ ನನಗ ಬ್ಯಾಡ್ರಿ, ಆಚಾರ್ಯರ.”

“ಹಂಗಾರ ಉಪಾಸ ಕಳಸ್ತೀರೇನು?”

ಚಪ್ಪಲಿ ಹುಡುಕುತ್ತಿದ್ದ ಜನರನ್ನು ವೈನಿ ಬಾಗಿಲಿನಿಂದ ನೋಡಿದರು. ಮರುಕ್ಷಣವೇ ಕಣಕ ತರಿಸಿ, ಒಂದು ಹಂಡೆಯ ಮುಚ್ಚಳದ ಸುತ್ತ ಮೆತ್ತಿ, ಗೋಣಿಚೀಲ, ಕಂಬಳಿಗಳಿಂದ ಸುತ್ತಿಸಿದರು.

“ಟೆಂಪೋ ಕರೀರಿ. ಒಂದು ಹಂಡೆ ಇಲ್ಲಿಯವರಿಗೆ ಇರಲಿ. ಇದು ವಡಗಾವಿಗೆ. ದಾರಿ ಮ್ಯಾಲೆ ಹಬೆಯೊಳಗ ಬೇಯತಾವ. ತಮ್ಮಾ, ನೀ ಹಿಂದ ಕೂತು ಹಂಡೆ ಹಿಡಕೋ.”

ರೇಷ್ಮೆ ಮಡಿಯುಟ್ಟು, ಕೊರಳಲ್ಲಿ ಮಾಲೆ ಹಾಕಿಕೊಂಡು, ಬಿಸಿ ಹಂಡೆಯನ್ನು ತಬ್ಬಿ ಸರಕಿನ ಟೆಂಪೋದಲ್ಲಿ ಕೂತೆ. ತಗ್ಗು ಬಂದಾಗಲೆಲ್ಲ ವೈನಿ ಮುಂದಿನಿಂದ “ಅಲುಗಾಡಸಬ್ಯಾಡ!” ಎಂದು ಕೂಗುವರು, ರಸ್ತೆಯನ್ನು ನಾನೇ ಅಗೆದವನಂತೆ. ಮಚ್ಛೆ ದಾಟುವಾಗ ಕಾರ್ಖಾನೆಯಿಂದ ಹೊರಬಂದವರು ನನ್ನನ್ನು ನೋಡಿ ಭಕ್ತಿಯಿಂದ ಕೈಮುಗಿದರು. ನನಗೋ ಸಂಕಟ.

ರೈಲಿಳಿದ ಜನ ವಡಗಾವಿಯ ಓಣಿಗೆ ಬರುವ ಹೊತ್ತಿಗೆ ಮಗ್ಗದ ಮನೆಯ ಕಟ್ಟೆಯ ಮೇಲೆ ಎಲೆ ಹಾಕಿಯಾಗಿತ್ತು. ಹಂಡೆ ತೆರೆದಾಗ ಅವರೆ ಬೆಣ್ಣೆಯಾಗಿತ್ತು. ಒಂದರ ಸಿಪ್ಪೆಯೂ ಬಿಟ್ಟಿರಲಿಲ್ಲ. “ಕುಂದರ್ರಿ, ಈಗ ಯಾವ ಗಾಡೀನೂ ಇಲ್ಲ” ಎಂದು ವೈನಿ ನಿಂತೇ ಬಡಿಸಿದರು, ಒಂದು ಕೈಯಲ್ಲಿ ನನ್ನ ಭುಜವನ್ನು ಊರುಗೋಲು ಮಾಡಿಕೊಂಡು.

ಮುಂದಿನ ಮಾಘದವರೆಗೆ ಅವರು ಉಳಿಯಲಿಲ್ಲ. ಈ ವರ್ಷ ಬೇಗ ಬೇಯಲೆಂದು ಪ್ರೆಶರ್ ಕುಕ್ಕರುಗಳನ್ನು ನಾನೇ ಗೊತ್ತುಮಾಡಿದ್ದೆ. ಆದರೆ ವಡಗಾವಿಯ ಹೆಣ್ಣುಮಕ್ಕಳು ಮುಂಜಾನೆಯ ರೈಲಿಗೇ ಬಂದು ಕೆಂಡ ಮಾಡಿದರು. ಎಲ್ಲರ ಬಳಿಯೂ ಹಾಸಿಗೆಯ ಸುರುಳಿಗಳು.

“ಇವೇನ್ರವಾ?” ಎಂದೆ.

“ನಾಳಿಗೂ ಗಾಡಿ ಐತ್ರೀ ಆಚಾರ್ಯರ. ಕಾಳು ಬೇಯಲಿ. ನೀವು ಮಾತಾಡ್ರಿ.”

ಇನ್ನೆಷ್ಟು ಮಾತಾಡಲಿ? ಮಾತಾಡಿದೆ. ಕಟ್ಟಿಗೆ ಹೊತ್ತವರಿಗೆ, ಕಾಳು ಆರಿಸಿದವರಿಗೆ, ಬಡಿಸಿದವರಿಗೆ, ಉಂಡವರಿಗೆ, ನನ್ನ ಮಾತನ್ನು ತಾಳಿಕೊಂಡವರಿಗೆ ಆಯುರಾರೋಗ್ಯವಿರಲಿ. ಅವರ ಮನೆಯ ಒಲೆಗಳು ಆರದಿರಲಿ.