ಸ್ಪಿತಿಯಲ್ಲಿ ಒಂದೇ ಮಂಚ

ಗೆಳೆಯರೇ, ಇವತ್ತು ಇಂದಿರಾನಗರದ ಟ್ರಾವೆಲ್ ಏಜೆಂಟ್ ಒಬ್ಬರು ನಮ್ಮ ಎದೆ ನಡುಗಿಸಿಬಿಟ್ಟರು. ನಾನು ಮತ್ತು ಮೋಹನ ಏಳು ವರ್ಷಗಳಿಂದ ಸಂಗಾತಿಗಳು ಎಂಬುದು ಈ ಬ್ಲಾಗ್ ಓದುವ ನಿಮಗಷ್ಟೇ ಗೊತ್ತು. ಸಿ.ವಿ. ರಾಮನ್ ನಗರದ ನಮ್ಮ ಮನೆ ಓನರ ಲೆಕ್ಕದಲ್ಲಿ ನಾವಿಬ್ಬರೂ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳು.

ಹಿಮಾಲಯದ ಸ್ಪಿತಿ ಕಣಿವೆಯ ಒಂದು ಹಳ್ಳಿಗೆ ಹೋಗಬೇಕೆಂದು ವಿಚಾರಿಸಿದೆವು.

"ಅಲ್ಲಿ ನಿಮ್ಮಂಥವ್ರಿಗೆ ಏನೂ ಇಲ್ಲ ಸರ್," ಎಂದರು ಏಜೆಂಟ್.

ಮೋಹನ ಬಾಗಿಲ ಕಡೆ ನೋಡಿದ. "ನಮ್ಮಂಥವ್ರು ಅಂದ್ರೆ?" ಎಂದೆ.

"ಬ್ಯಾಚುಲರ್ಸ್ ಸರ್. ಪಬ್ ಇಲ್ಲ, ಹುಡುಗೀರಿಲ್ಲ. ಗೋವಾಕ್ಕೆ ಹೋಗಿ."

"ಹುಡುಗೀರು ಇಲ್ದಿದ್ರೂ ಪರವಾಗಿಲ್ಲ," ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು.

"ಇನ್ನೊಂದು ಪ್ರಾಬ್ಲಮ್ಮು. ನೀವು ಉಳ್ಕೊಳೋ ಮನೇಲಿ ಒಂದೇ ಮಂಚ. ಇಬ್ರು ಗಂಡಸ್ರು ಹೆಂಗೆ?"

ನಾವು ಬಾಯಿ ತೆರೆಯುವ ಮೊದಲೇ ಅವರು ಫೋನ್ ಎತ್ತಿ, ಹಿಂದಿಯಲ್ಲಿ ಕೂಗಾಡಿ, ಮೋಹನನಿಗೆ ಹಳ್ಳಿಯ ಇನ್ನೊಂದು ತುದಿಯಲ್ಲಿ ಬೇರೆ ಮನೆ ಗೊತ್ತು ಮಾಡಿದರು. ಆಮೇಲೆ ಶಹಬ್ಬಾಸ್‌ಗಿರಿಗಾಗಿ ನಮ್ಮ ಮುಖ ನೋಡಿದರು.

ಕಾರ್ಖಾನೆಯಲ್ಲಿ ಎಲ್ಲರನ್ನೂ ನಡುಗಿಸುವ ಫೋರ್‌ಮನ್ ನಮ್ಮ ಮೋಹನ. ಅವನು ತಲೆ ತಗ್ಗಿಸಿ, "ರೀ, ನಂಗೆ ಕತ್ತಲೆ ಅಂದ್ರೆ ಭಯ," ಎಂದ.

ಏಜೆಂಟರ ಮನಸ್ಸು ಕರಗಿತು. "ನಾಚ್ಕೋಬೇಡಿ ಸರ್, ನಮ್ಮ ಚಿಕ್ಕ ಮಗಳಿಗೂ ಹಂಗೇ." ಎರಡನೆಯ ಮನೆ ಕ್ಯಾನ್ಸಲ್ ಮಾಡಿಸಿ ನನ್ನ ಕಡೆ ತಿರುಗಿದರು. "ರಾತ್ರಿ ಅವ್ರ ಕೈ ಹಿಡ್ಕೊಂಡು ಮಲಗಿ. ಅದ್ರಲ್ಲೇನು ತಪ್ಪು?"

ಇಷ್ಟು ವರ್ಷಗಳಲ್ಲಿ ನಮಗೆ ಈ ಮಾತು ಹೇಳಿದ ಮೊದಲ ಹಿರಿಯರು ಅವರು. ತಾವು ಹೇಳಿದ್ದೇನೆಂದು ಅವರಿಗೆ ಗೊತ್ತಿಲ್ಲ, ಅಷ್ಟೇ.