ಜ್ವರಕ್ಕೆ ಕೂತ ಹುಳುಗಳು

ಇವತ್ತು ಬೆಳಗ್ಗೆ ಮಗಳ ಪಿಂಗಾಣಿ ಲೋಟ ತೊಳೆಯುತ್ತಿದ್ದೆ. ಅದರ ಮೇಲೊಂದು ದುಂಡನೆಯ ಚಿತ್ರ. ಅರ್ಧ ಕರಿ, ಅರ್ಧ ಬಿಳಿ. ಕರಿಯೊಳಗೊಂದು ಬಿಳಿ ಚುಕ್ಕೆ, ಬಿಳಿಯೊಳಗೊಂದು ಕರಿ ಚುಕ್ಕೆ.

"ಏನೇ ಇದು?" ಅಂದೆ.

"ಯಿನ್, ಯಾಂಗ್ ಅಂತ ಕಣಮ್ಮ. ಚೀನಾದ ತಾವೋ ತತ್ವ."

ಯಿನ್ ಎಂದರೆ ಬೆಟ್ಟದ ನೆರಳಿನ ಮಗ್ಗುಲು, ಯಾಂಗ್ ಎಂದರೆ ಬಿಸಿಲಿನ ಮಗ್ಗುಲಂತೆ. ಬೆಟ್ಟ ಒಂದೇ, ಹೊತ್ತು ತಿರುಗಿದರೆ ನೆರಳಿದ್ದಲ್ಲಿ ಬಿಸಿಲು. ಸುಮ್ಮನಿರುವುದು ಯಿನ್; ಓಡಾಟ, ಸದ್ದು ಯಾಂಗ್. ಒಂದು ತುಂಬಿ ಬಂದಾಗ ಅದರೊಳಗಿಂದಲೇ ಇನ್ನೊಂದು ಹುಟ್ಟುತ್ತದಂತೆ. ಹಾಗಾದರೆ ನಾನು ಬರೀ ಯಾಂಗು, ಚುಕ್ಕೆ ಕೂಡ ಇಲ್ಲ ಎಂದು ನಗು ಬಂತು. ನೀವು ನಮ್ಮ ಮನೆಗೆ ಬಂದರೆ ಬೀದಿಯಲ್ಲೇ ನನ್ನ ದನಿ ಕೇಳಿಸುತ್ತದೆ.

ರೇಷ್ಮೆಯೂ ಚೀನಾದಿಂದಲೇ ಬಂದಿದ್ದಂತೆ. ಕುಂದಾಣದ ಹತ್ತಿರದ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಹಿತ್ತಲಲ್ಲಿ ಹುಳು ಸಾಕುತ್ತಿದ್ದರು. ಹಗಲೆಲ್ಲ ಸರಸರ ಸೊಪ್ಪು ತಿನ್ನುವ ಹುಳುಗಳು ಒಂದು ದಿನ ತಲೆ ಎತ್ತಿ, ಕದಲದೆ ಕೂತಿದ್ದವು. ಪಾಪ, ಹಸಿವೇನೋ ಎಂದು ತಟ್ಟೆಗಳ ತುಂಬ ಹಸಿ ಸೊಪ್ಪು ಸುರಿದೆ.

ಅತ್ತೆ ಓಡಿ ಬಂದರು. "ಅಯ್ಯೋ ನಿನ್ನ! ಜ್ವರಕ್ಕೆ ಕೂತಿರೋ ಹುಳಕ್ಕೆ ಸೊಪ್ಪು ಹಾಕ್ತಾರೇನೇ? ಈಗವು ಹಳೇ ಚರ್ಮ ಬಿಡ್ತವೆ. ಸುಮ್ನಿರೋದೂ ಒಂದು ಕೆಲ್ಸ ಕಣೇ."

ಸೊಪ್ಪಿನ ತೇವಕ್ಕೆ ನಾಲ್ಕು ತಟ್ಟೆ ಹುಳು ಹಾಳಾದವು. ಅತ್ತೆ ಆಮೇಲೆ ಆ ಮಾತೆತ್ತಲಿಲ್ಲ. ಸುಮ್ಮನಿರೋದನ್ನ ನಾನೂ ಕಲಿಯಲಿಲ್ಲ ಬಿಡಿ.

ನಮ್ಮ ಯಜಮಾನರು ಬಸ್ ಕಂಡಕ್ಟರ್ ಆಗಿದ್ದವರು. ಹೋದ ತಿಂಗಳು ರಿಟೈರ್ ಆದರು. ಅಂದಿನಿಂದ ಜಗಲಿಯ ಮೇಲೆ ಕೂತೇ ಇದ್ದಾರೆ, ಮಾತಿಲ್ಲ. ಮನುಷ್ಯ ಒಳಗೊಳಗೇ ಕುಗ್ಗಿಹೋದರೇನೋ ಎಂದು ನನಗೆ ಹೆದರಿಕೆ. ಹೆದರಿದಷ್ಟೂ ನನ್ನ ಬಾಯಿ ಜೋರು. "ವಾಕಿಂಗ್ ಹೋಗ್ರೀ. ಹೊಸಕೋಟೇಲಿ ನಿಮ್ಮ ತಂಗಿ ಇದಾಳೆ, ನೋಡ್ಕೊಂಡಾದ್ರೂ ಬನ್ರೀ!" ಅವರು ಎದ್ದು ಒಳಗೆ ಹೋಗಿ ಮಲಗಿಬಿಡುತ್ತಿದ್ದರು.

ಇವತ್ತು ಕಾಫಿ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತೆ. ಎಷ್ಟು ಕಷ್ಟ ಅಂತೀರಿ! ನಾಲಿಗೆಯ ತುದಿಯಲ್ಲಿ ಹತ್ತು ಮಾತು ಕುಣಿಯುತ್ತಿದ್ದವು. ಕಾಫಿ ಮುಗಿಯಿತು. ಬಿಸಿಲು ಜಗಲಿಗೆ ಬಂತು.

"ಯಾಕೆ, ಇವತ್ತು ಬೈಯಲ್ವಾ?" ಅಂದರು.

ಇಲ್ಲವೆಂದು ತಲೆಯಾಡಿಸಿದೆ.

"ಅಷ್ಟು ವರ್ಷ ಮುಂದೆ ಹೋಗಿ, ಮುಂದೆ ಹೋಗಿ ಅಂತ ಊರೋರಿಗೆಲ್ಲ ಕೂಗಿದೆ ಕಣೇ. ಈಗ ನಾನು ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಾಗ್ತಿಲ್ಲ. ನಿನ್ಹತ್ರ ಹೇಳೋಣ ಅಂದ್ರೆ ನೀನು ಬಿಡ್ಬೇಕಲ್ಲ."

ಕಣ್ಣು ತುಂಬಿ ಬಂತು. ಖಾಲಿ ಲೋಟ ಪಕ್ಕಕ್ಕಿಟ್ಟು ಅವರ ಕಡೆ ತಿರುಗಿ ಕೂತೆ. ಅವರು ಮಧ್ಯಾಹ್ನದವರೆಗೂ ಮಾತಾಡಿದರು.