ಮೊದಲ ಗುಂಡು ಯಾರದು

ಕೀನ್ಯಾದ ಸ್ಪ್ರಿಂಗ್ ವ್ಯಾಲಿಯ ನಮ್ಮ ಮನೆಯ ವರಾಂಡದಲ್ಲಿ ಆ ಭಾನುವಾರ ನಾಲ್ಕು ಜನ ಇದ್ದೆವು: ನಾನು, ನನ್ನ ಹೆಂಡತಿ, ಪಕ್ಕದ ಮನೆಯ ಮಂಗಳೂರಿನ ಗೆಳೆಯ, ಮತ್ತು ಕೊಡಗಿನಿಂದ ಬಂದಿದ್ದ ನನ್ನ ಅಕ್ಕನ ಗಂಡ. ಕೂತವರು ಮಾತ್ರ ಮೂವರೇ. ಭಾವ ಈ ತುದಿಯಿಂದ ಆ ತುದಿಗೆ ಓಡಾಡುತ್ತಲೇ ಇದ್ದರು. ವಿಮಾನ ನಿಲ್ದಾಣದಿಂದ ಬರುವಾಗ ಲಾರಿಗಳ ಜಾಮಿನಲ್ಲಿ ಸಿಕ್ಕಿಕೊಂಡೆವಲ್ಲ, ಆಗ ನ್ಯಾಷನಲ್ ಪಾರ್ಕಿನ ಬೇಲಿಯಾಚೆ ಕಾಡುಕೋಣಗಳ ಹಿಂಡು ಅವರ ಕಣ್ಣಿಗೆ ಬಿದ್ದಿತ್ತು. ಅವತ್ತಿನಿಂದ ಮನುಷ್ಯನಿಗೆ ನೆಮ್ಮದಿಯಿಲ್ಲ.

ಅವರನ್ನು ಕಳಿಸುವಾಗಲೇ ಅಕ್ಕ ಫೋನಿನಲ್ಲಿ ಹೇಳಿದ್ದಳು: "ಅವರ ಬಲಗೈ ನಡುಗ್ತದೆ ಕಣೋ. ಡಾಕ್ಟರ್ ಹತ್ರ ಹೋಗೋಣ ಅಂದ್ರೆ ಕೋಪ. ಒಂದು ದೊಡ್ಡ ಪ್ರಾಣಿ ಹೊಡೆದು ತೋರಿಸ್ತೇನೆ, ಆಮೇಲೆ ಮಾತಾಡು ಅಂತಾರೆ."

ಊರಿನಲ್ಲಿ ಬೇಟೆ ನಿಷೇಧ. ಭಾಮೈದ ಆಫ್ರಿಕಾದಲ್ಲಿದ್ದಾನೆ ಅಂದಮೇಲೆ ಬೇಟೆಯೂ ಇರಲೇಬೇಕು ಎಂದು ಅವರು ನಂಬಿಕೊಂಡು ಬಂದಿದ್ದರು. ಗೆಳೆಯ ಹಿಂದೆ ಗಡಿಯಾಚೆ, ಟಾಂಜಾನಿಯಾದ ಅರುಷಾದಲ್ಲಿ ಬೇಟೆ ಕಂಪನಿಯೊಂದರ ಆಫೀಸಿನಲ್ಲಿದ್ದವನು. ಅವನನ್ನು ಕರೆಸಿದ್ದೇ ಅದಕ್ಕೆ.

"ಇಲ್ಲಿ ಆಗ್ಲಿಕ್ಕಿಲ್ಲ ಮಾರಾಯ್ರೆ," ಎಂದ. "ಕೀನ್ಯಾದಲ್ಲಿ ಕ್ಯಾಮೆರಾ ಮಾತ್ರ. ಕೋವಿ ಎತ್ತಿದ್ರೆ ಸೀದಾ ಜೈಲು. ಗೋಡೆಗೆ ಕೊಂಬು ನೇತುಹಾಕ್ಲಿಕ್ಕೂ ಪರ್ಮಿಟ್ ಬೇಕು."

"ಅಕ್ಕಪಕ್ಕದಲ್ಲಿ?"

"ಉಗಾಂಡದಲ್ಲಿ ಉಂಟು, ಸ್ವಲ್ಪ. ಟಾಂಜಾನಿಯಾದಲ್ಲಿ ಬೇಕಾದಷ್ಟು. ಕಾಡುಕೋಣ, ಚಿರತೆ, ಸಿಂಹ ಕೂಡ."

"ಇಲ್ಲಿಯ ಕೋಣ ಮೇಯ್ತಾ ಮೇಯ್ತಾ ಗಡಿ ದಾಟಿದ್ರೆ?"

"ಅದರ ಗ್ರಹಚಾರ!"

ಭಾವ ಜೋರಾಗಿ ನಕ್ಕರು. ಗೆಳೆಯ ಮುಂದುವರಿಸಿದ: "ಆದ್ರೆ ಒಂದು ರೂಲು ಉಂಟು. ನಿಮ್ಮ ಪಕ್ಕದಲ್ಲಿ ಲೈಸೆನ್ಸ್ ಇರುವ ಬೇಟೆಗಾರ ರೈಫಲ್ ಹಿಡ್ಕೊಂಡು ನಿಲ್ತಾನೆ. ನಿಮ್ಮ ಗುಂಡು ಸರಿಯಾಗಿ ಬೀಳದಿದ್ರೆ ಅವನು ಹೊಡೀತಾನೆ. ಗಾಯ ಆದ ಕೋಣ ಸುಮ್ನೆ ಬಿಡ್ತದಾ?"

ಓಡಾಟ ನಿಂತಿತು. "ಹಾಗಾದ್ರೆ ಪ್ರಾಣಿ ಯಾರದ್ದು?"

"ದುಡ್ಡು ಕೊಟ್ಟವರದ್ದು."

"ಥೂ, ಅಂಗಡಿಗೆ ಹೋದ ಹಾಗಾಯ್ತಲ್ಲೋ! ನಮ್ಮಲ್ಲಿ ಮೊದಲ ಗುಂಡು ಯಾರದ್ದೋ ಅವರಿಗೆ ಮೊದಲ ಪಾಲು. ಎಷ್ಟು ಜನ ಹೊಡೆದಿದ್ರೂ ಹಿರಿಯರು ಗಾಯ ನೋಡಿ ತೀರ್ಮಾನ ಮಾಡ್ತಿದ್ರು. ನಾಯಿಗೂ ಪಾಲಿತ್ತು."

"ಅಲ್ಲಿ ನಾಯಿಗೆ ಇಲ್ಲ. ಮಾಂಸ ಕ್ಯಾಂಪಿಗೆ, ಹಳ್ಳಿಯವರಿಗೆ. ನಿಮಗೆ ಕೊಂಬು, ಫೋಟೋ."

ನನ್ನ ಹೆಂಡತಿ ಕಾಫಿ ಕೊಡುತ್ತಾ, "ಅಣ್ಣಾ, ಇಲ್ಲೇ ಒಳ್ಳೆ ಡಾಕ್ಟರ್ ಇದ್ದಾರೆ. ನಾಳೆ ಹೋಗೋಣ್ವಾ?" ಎಂದಳು.

"ಬೇಟೆ ಮುಗಿಸಿ ಬಂದ್ಮೇಲೆ ನೋಡೋಣ," ಎಂದು ಭಾವ ಲೋಟವನ್ನು ಎಡಗೈಯಲ್ಲಿ ಎತ್ತಿಕೊಂಡರು.

ಹಟ ಬಿಡಲಿಲ್ಲ. ಗೆಳೆಯನೇ ಹಳೆಯ ಕಂಪನಿಯಲ್ಲಿ ಮಾತಾಡಿ ಎಲ್ಲ ಗೊತ್ತುಮಾಡಿದ, ಜೊತೆಗೂ ಹೋದ. ಆ ದಿನಗಳಲ್ಲಿ ಇಂಡಸ್ಟ್ರಿಯಲ್ ಏರಿಯಾದ ನನ್ನ ಫ್ಯಾಕ್ಟರಿಯಲ್ಲಿ ಕೂತು ನಾನು ಮಾಡಿದ ಕೆಲಸ ಅಷ್ಟಕ್ಕಷ್ಟೇ. ಕ್ಯಾಂಪಿನಲ್ಲಿ ಸಿಗ್ನಲ್ ಇಲ್ಲ. ಅಕ್ಕನ ಮೆಸೇಜು ಮಾತ್ರ ತಪ್ಪದೆ ಬರುತ್ತಿತ್ತು: "ಏನಾದ್ರೂ ತಿಳೀತಾ?" ನಡುಗುವ ಕೈಯ ಮನುಷ್ಯನನ್ನು ಕಾಡುಕೋಣದ ಎದುರು ನಿಲ್ಲಿಸಿ ಬಂದವನ ಹಾಗೆ ಒದ್ದಾಡುತ್ತಿದ್ದೆ. ದಾರಿಯಲ್ಲಿ ಮಟಾಟು ವ್ಯಾನು ಹಿಂದಿನಿಂದ ಹಾರ್ನ್ ಹೊಡೆದರೂ ಬೆಚ್ಚಿಬೀಳುತ್ತಿದ್ದೆ.

ತಿರುಗಿ ಬಂದಾಗ ಭಾವನ ಬಳಿ ಕೊಂಬೂ ಇರಲಿಲ್ಲ, ಫೋಟೋವೂ ಇರಲಿಲ್ಲ.

"ಎರಡು ಗುಂಡು ಒಟ್ಟಿಗೇ ಕೇಳಿತು," ಎಂದ ಗೆಳೆಯ. "ಕೋಣ ಬಿತ್ತು. ಎಲ್ಲರೂ ಇವರ ಕೈಕುಲುಕಿ ನಿಮ್ಮದೇ, ನಿಮ್ಮದೇ ಅಂದರು. ಇವರು ಚರ್ಮ ಸುಲಿಯುವವರ ಪಕ್ಕ ಕೂತವರು ಏಳ್ಲಿಕ್ಕೇ ಒಪ್ಲಿಲ್ಲ ಮಾರಾಯ್ರೆ."

"ಗಾಯ ನೋಡ್ಬೇಕಿತ್ತಲ್ಲ," ಎಂದರು ಭಾವ. "ಒಂದು ಎದೆಗೆ, ಒಂದು ಹಿಂದಿನ ತೊಡೆಗೆ. ಎದೆಯಿಂದ ತೆಗೆದದ್ದು ಆ ಲೈಸೆನ್ಸಿನ ಬೇಟೆಗಾರನ ರೈಫಲ್ಲಿನ ದೊಡ್ಡ ಗುಂಡು."

"ಆದ್ರೂ ಮೊದಲು ತಾಗಿದ್ದು ನಿಮ್ಮದೇ ಇರ್ಬಹುದು," ಎಂದ ಗೆಳೆಯ.

"ಇರ್ಲಿ ಬಿಡಪ್ಪಾ. ನಾನು ಗುರಿ ಇಟ್ಟದ್ದು ಎದೆಗೆ."

ಭಾವ ಒಮ್ಮೆ ಎದ್ದು ಕಿಟಕಿಯವರೆಗೆ ಹೋದರು, ತಿರುಗಿ ಬಂದು ಕೂತರು.

ಮರುದಿನ ಬೆಳಿಗ್ಗೆ ನಾನು ಕಾರು ತೆಗೆಯಲು ಹೋದಾಗ ಭಾವ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಗೇಟಿನ ಬಳಿ ನಿಂತಿದ್ದರು. ಫ್ಯಾಕ್ಟರಿಗೆ ಫೋನ್ ಮಾಡಿ ತಡವಾಗುತ್ತದೆ ಎಂದು ಹೇಳಿದೆ. ಕ್ಲಿನಿಕ್ಕಿನಲ್ಲಿ ನಮ್ಮ ಸರದಿ ಬಂದಾಗ ಡಾಕ್ಟರು, ಎರಡೂ ಕೈ ಮುಂದಕ್ಕೆ ಚಾಚಿ ಎಂದರು. ಭಾವ ಶರ್ಟಿನ ತೋಳು ಮಡಚಿಕೊಂಡು, ಬಲಗೈಯನ್ನೇ ಮೊದಲು ಚಾಚಿದರು.